ಮಾಳಿಗೆ ಮೇಲೊಂದು ಅಂತರಿಕ್ಷ ಸಾಹಸ: ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯನ್ನು ಮನೆಮಂದಿಗೆಲ್ಲ ತೋರಿಸುವ ಬಗೆ

2014ರಲ್ಲಿ ಜೇಮ್ಸ್ ಗನ್ ನಿರ್ದೇಶಿಸಿದ ಹಾಲಿವುಡ್ ಚಿತ್ರ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯನ್ನು ಮಾಳಿಗೆ ಮೇಲೆ ಇಪ್ಪತ್ತೈದು ಮಂದಿಗೆ ತೋರಿಸಬೇಕೆಂದು ಹೊರಟವರಿಗೆ ಈ ಬರಹ. ಕಲಬುರಗಿಯಲ್ಲಿ ಬೇಸಿಗೆ ಬಂತೆಂದರೆ ಹಾಸಿಗೆ, ನೀರಿನ ತಂಬಿಗೆ ಹಿಡಿದು ಮನೆಮಂದಿ ಹೇಗೂ ಮಾಳಿಗೆ ಏರುತ್ತಾರೆ. ಜಾಗ, ಜನ, ಕತ್ತಲೆ ಮೂರೂ ಸಿದ್ಧವಾಗಿಯೇ ಇರುತ್ತವೆ. ಆದರೂ ಇಂಥ ಪ್ರದರ್ಶನಗಳು ಹೆಚ್ಚಾಗಿ ಕೆಡುವುದು ಒಂದೇ ರೀತಿ. ಪ್ರೊಜೆಕ್ಟರ್ ಬಾಡಿಗೆಗೆ ತಂದು, ಹಗ್ಗಕ್ಕೊಂದು ಬೆಡ್‌ಶೀಟ್ ಕಟ್ಟಿ, ಮೆರವಣಿಗೆಯ ಡಿಜೆ ಬಾಕ್ಸ್ ಇಟ್ಟು ಶುರು ಮಾಡುತ್ತಾರೆ. ಬಾಂಬು ಸಿಡಿದದ್ದು ಮೂರು ಓಣಿಗೆ ಕೇಳಿಸುತ್ತದೆ, ಪಾತ್ರಗಳು ಆಡಿದ ಮಾತು ಮುಂದಿನ ಸಾಲಿಗೂ ತಿಳಿಯುವುದಿಲ್ಲ. ಅರ್ಧ ಗಂಟೆಗೆ ಮಕ್ಕಳು ಎದ್ದು ಓಡಾಡುತ್ತಾರೆ, ಅಜ್ಜಿ ಅಲ್ಲೇ ಮಲಗಿಬಿಡುತ್ತಾಳೆ.

ಈ ಸಿನಿಮಾದ ಸೊಗಸು ಇರುವುದು ಸಣ್ಣಪುಟ್ಟ ಸಂಗತಿಗಳಲ್ಲಿ. ಬಾಯೊಳಗೆ ಆಡಿದ ಒಂದು ಮಾತು, ಯಾರದೋ ಹುಬ್ಬು ಏರಿದ್ದು, ಹಿಂದೆ ಸದ್ದಿಲ್ಲದೆ ನಡೆದ ಒಂದು ಕಿತಾಪತಿ. ಜೈಲಿನ ದೃಶ್ಯವನ್ನೇ ನೋಡಿ. ರಾಕೆಟ್ ಎಂಬ ರಕೂನ್ ತಪ್ಪಿಸಿಕೊಳ್ಳುವ ಉಪಾಯ ಹೇಳುತ್ತಿರುತ್ತಾನೆ. ಕಾವಲುಗಾರನ ಕೈಪಟ್ಟಿ ಬೇಕು, ಅಲ್ಲೊಬ್ಬ ಕೈದಿಯ ಕೃತಕ ಕಾಲು ಬೇಕು, ಕಂಬದ ಮೇಲಿನ ಬ್ಯಾಟರಿ ಬೇಕು. ಬ್ಯಾಟರಿ ಕಿತ್ತ ಕೂಡಲೇ ಜೈಲಿಗೆಲ್ಲ ಎಚ್ಚರಿಕೆ ಗಂಟೆ ಹೊಡೆಯುತ್ತದೆ, ಆದ್ದರಿಂದ ಅದನ್ನು ಕೊನೆಗೇ ತೆಗೆಯಬೇಕು ಎಂದು ಬಿಡಿಸಿ ಹೇಳುತ್ತಾನೆ. ಅವನು ಹೀಗೆ ಹೇಳುತ್ತಿರುವಾಗಲೇ, ಅವನ ಬೆನ್ನ ಹಿಂದೆ, ಗ್ರೂಟ್ ಎಂಬ ಮರದ ಮನುಷ್ಯ ಉದ್ದಕ್ಕೆ ಬೆಳೆದು ಕಂಬ ಮುಟ್ಟಿ ಅದೇ ಬ್ಯಾಟರಿಯನ್ನು ಕೀಳುತ್ತಿರುತ್ತಾನೆ. ಕ್ಯಾಮೆರಾ ಅತ್ತ ತಿರುಗಿ ಬೆರಳು ಮಾಡಿ ತೋರಿಸುವುದಿಲ್ಲ, ನೋಡುವವರೇ ಕಂಡುಹಿಡಿಯಬೇಕು. ಪರದೆ ಮಂಕಾಗಿದ್ದರೆ ಹಿಂದಿನ ಗ್ರೂಟ್ ಕಾಣುವುದಿಲ್ಲ. ಮಾತು ಕೇಳಿಸದಿದ್ದರೆ ‘ಕೊನೆಗೇ ತೆಗೆಯಬೇಕು’ ಎಂಬುದು ತಿಳಿಯುವುದಿಲ್ಲ. ಎರಡರಲ್ಲಿ ಒಂದು ತಪ್ಪಿದರೂ ನಗು ಸತ್ತಂತೆ. ಆದ್ದರಿಂದ ಮುಂದಿನ ಎಲ್ಲ ತಯಾರಿಗೂ ಗುರಿ ಎರಡೇ: ಹಿಂದಿನ ಗ್ರೂಟ್ ಕಾಣಬೇಕು, ಮುಂದಿನ ರಾಕೆಟ್ ಮಾತು ಕೇಳಿಸಬೇಕು.

ಹೊತ್ತು ಗೊತ್ತು ಮಾಡುವುದು

ಮೇ ತಿಂಗಳ ನಡುವೆ ಕಲಬುರಗಿಯಲ್ಲಿ ಹೊತ್ತು ಮುಳುಗುವುದು ಸಂಜೆ 6:45ರ ಸುಮಾರಿಗೆ. ಆದರೆ ಆಕಾಶದ ಬೆಳಕು ಪರದೆಗೆ ಕಾಟ ಕೊಡದಷ್ಟು ಇಳಿಯಲು 7:40 ಆಗುತ್ತದೆ. ಚಿತ್ರದ ಅವಧಿ 121 ನಿಮಿಷ. ಧ್ವನಿವರ್ಧಕ ಬಳಸುವವರಿಗೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಅವಕಾಶವಿಲ್ಲ, ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಲೆಕ್ಕ ಹಾಕಿ: 7:40ಕ್ಕೆ ಶುರು, ಮಧ್ಯೆ 12 ನಿಮಿಷ ವಿರಾಮ, 9:53ಕ್ಕೆ ಮುಕ್ತಾಯ. ಕೈಯಲ್ಲಿ ಉಳಿಯುವುದು ಏಳು ನಿಮಿಷ. ವಿರಾಮ ಅರ್ಧ ಗಂಟೆಗೆ ಎಳೆದರೆ ಕ್ಲೈಮ್ಯಾಕ್ಸ್ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಡಿಸೆಂಬರಿನಲ್ಲಿ 5:50ಕ್ಕೇ ಹೊತ್ತು ಮುಳುಗುವುದರಿಂದ 6:45ಕ್ಕೆ ಶುರು ಮಾಡಬಹುದು. ಹವೆಯೂ ತಂಪು, ಯಂತ್ರಗಳಿಗೂ ಹಿತ. ಮಕ್ಕಳ ರಜೆ ನೋಡಿ ಮೇ ಆರಿಸುವವರೇ ಹೆಚ್ಚು, ಹಾಗಾಗಿ ಇಲ್ಲಿ ಮೇ ಲೆಕ್ಕವನ್ನೇ ಹಿಡಿದಿದ್ದೇವೆ.

ಹುಣ್ಣಿಮೆ ಅಮಾವಾಸ್ಯೆ ನೋಡುವ ಅಗತ್ಯವಿಲ್ಲ. ತುಂಬು ಚಂದ್ರನ ಬೆಳಕು ಅರ್ಧ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಕೂಡ ಮೀರುವುದಿಲ್ಲ. ಓಣಿಯ ಬೀದಿದೀಪ ಹತ್ತು ಲಕ್ಸ್ ಸುರಿಯಬಲ್ಲದು, ನಿಜವಾದ ಶತ್ರು ಅದು.

ಪರದೆ ಮತ್ತು ಬೆಳಕು

ಪರದೆಗೆ ಎಲ್ಲಕ್ಕಿಂತ ಒಳ್ಳೆಯದು ಮೆಟ್ಟಿಲ ಮೇಲಿನ ಕೋಣೆಯ ಗೋಡೆ. ನಯವಾಗಿ ಗಿಲಾವು ಮಾಡಿದ್ದರೆ 8 ಅಡಿ ಅಗಲ, 5 ಅಡಿ ಎತ್ತರದ ಜಾಗಕ್ಕೆ ಹೊಳಪಿಲ್ಲದ ಬಿಳಿ ಎಮಲ್ಷನ್ ಎರಡು ಕೈ ಬಳಿಯಿರಿ. ಒಂದು ಲೀಟರ್ ಸಾಕು. ಬಾಗಿಲು ಕಿಟಕಿಗೆ ಬಳಿದು ಉಳಿದ ಎನಾಮಲ್ ಬಣ್ಣ ಬೇಡವೇ ಬೇಡ. ಅದು ಹೊಳೆಯುತ್ತದೆ, ಲೆನ್ಸಿನ ಬೆಳಕು ನಡುವೆ ಒಂದು ಬಿಳಿ ಚುಕ್ಕೆಯಾಗಿ ಕಣ್ಣಿಗೆ ಹೊಡೆಯುತ್ತದೆ.

ಗೋಡೆ ಇಲ್ಲದಿದ್ದರೆ ಬಟ್ಟೆ. ಒಂದೇ ಪದರದ ಬೆಡ್‌ಶೀಟ್ ಬಳಸಿದರೆ ಬೆಳಕಿನ ದೊಡ್ಡ ಪಾಲು ಹಿಂದಕ್ಕೆ ಸೋರಿ ಎದುರು ಮನೆಯ ಗೋಡೆ ಮೇಲೆ ಸಿನಿಮಾ ಓಡುತ್ತದೆ. ದಪ್ಪ ಬಿಳಿ ಬಟ್ಟೆ ಎರಡು ಪದರ ಹೊಲಿಸಿ, ಹಿಂದೆ ಕಪ್ಪು ಬಟ್ಟೆ ಇಲ್ಲವೇ ಕಂಬಳಿ ಇಳಿಬಿಡಿ. ಮೇಲೆ ಕೆಳಗೆ ಕೊಳವೆಯಂತೆ ಮಡಚಿ ಹೊಲಿದು ಬಿದಿರಿನ ಗಳ ತೂರಿಸಿದರೆ ಸುಕ್ಕು ನಿಲ್ಲುವುದಿಲ್ಲ. ಮೇ ಸಂಜೆಗಳಲ್ಲಿ ಮಳೆಗಾಳಿ ಹೇಳದೆ ಕೇಳದೆ ನುಗ್ಗುತ್ತದೆ. 8 ಅಡಿಯ ಬಟ್ಟೆ ಗಾಳಿ ಹಿಡಿದರೆ ಗಳ ಸಮೇತ ಜನರ ಮೇಲೆ ಬೀಳುತ್ತದೆ. ಆದ್ದರಿಂದ ಮೇಲಿನ ಎರಡು ಮೂಲೆಗೆ ಎಳೆದರೆ ಬಿಚ್ಚಿಕೊಳ್ಳುವ ಜೀರುಗುಣಿಕೆಯನ್ನೇ ಹಾಕಿ, ಹಗ್ಗದ ತುದಿಯನ್ನು ಒಬ್ಬ ದೊಡ್ಡವರ ಕೈಗೆ ಸಿಗುವಂತೆ ಬಿಡಿ.

ಈಗ ಪ್ರೊಜೆಕ್ಟರ್. 8 ಅಡಿ ಅಗಲದ ಚಿತ್ರಕ್ಕೆ ಪೂರ್ತಿ ಕತ್ತಲೆಯಲ್ಲಿ 500 ಆನ್ಸಿ ಲೂಮೆನ್ (ಗೊತ್ತುಪಡಿಸಿದ ವಿಧಾನದಲ್ಲಿ ಅಳೆದ ಪ್ರೊಜೆಕ್ಟರಿನ ಬೆಳಕು) ಸಾಕು. ಅಷ್ಟಿದ್ದರೆ ಪರದೆ ಮೇಲೆ ಸುಮಾರು 150 ಲಕ್ಸ್ ಬೀಳುತ್ತದೆ, ಥಿಯೇಟರಿನ ಬೆಳಕಿಗೆ ಹತ್ತಿರ. ಆದರೆ ಬೀದಿದೀಪದ 10 ಲಕ್ಸ್ ಅದರ ಮೇಲೆ ಬಿದ್ದರೆ ಕಪ್ಪು ಎಂಬುದೇ ಇರುವುದಿಲ್ಲ, ಅಂತರಿಕ್ಷವೆಲ್ಲ ಬೂದಿ ಬಣ್ಣ. ಅಂಥ ಕಡೆ 1500ರಿಂದ 2000 ಆನ್ಸಿ ಲೂಮೆನ್ ಕೇಳಿ ತನ್ನಿ. ಡಬ್ಬಿಯ ಮೇಲೆ ಬರೀ ‘9000 ಲೂಮೆನ್’ ಎಂದು ಅಚ್ಚಾಗಿದ್ದು ‘ಆನ್ಸಿ’ ಎಂದು ಇಲ್ಲದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ಬೀದಿದೀಪವನ್ನು ಆರಿಸುವ ಹಾಗಿಲ್ಲ, ಪರದೆಯ ಬೆನ್ನು ಅದರತ್ತ ಇರುವಂತೆ ತಿರುಗಿಸಬಹುದು. ಎರಡನೆಯ ಉಪಾಯ, ದೀಪದ ಕಡೆಯ ಬಟ್ಟೆ ಒಣಗಿಸುವ ತಂತಿಗೆ ಎರಡು ಕಂಬಳಿ ತೂಗುಹಾಕುವುದು.

ಹೆಚ್ಚಿನ ಪ್ರೊಜೆಕ್ಟರುಗಳಲ್ಲಿ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ ಬೇಕು. 8 ಅಡಿ ಚಿತ್ರಕ್ಕೆ ಲೆನ್ಸಿನಿಂದ ಪರದೆಗೆ 12 ಅಡಿ. ನಿಮ್ಮದರ ಅನುಪಾತ ಬೇರೆ ಇರಬಹುದು, ಕೈಪಿಡಿ ನೋಡಿ. ಚಿತ್ರದ ಕೆಳಅಂಚು ನೆಲದಿಂದ ಮೂರೂವರೆ ಅಡಿ ಮೇಲಿರಲಿ. ಮಾಮೂಲಿ ಆಫೀಸು ಪ್ರೊಜೆಕ್ಟರ್ ಚಿತ್ರವನ್ನು ಮೇಲ್ಮುಖವಾಗಿ ಎಸೆಯುವುದರಿಂದ ಲೆನ್ಸ್ ಕೂಡ ಆ ಮೂರೂವರೆ ಅಡಿ ಎತ್ತರದಲ್ಲೇ ಇದ್ದರೆ ಚೌಕ ಸರಿಯಾಗಿ ಕೂರುತ್ತದೆ. ಮಕ್ಕಳು ಜಮಖಾನೆ ಮೇಲೆ ಕೂತರೆ ಬೆಳಕು ಅವರ ತಲೆ ಮೇಲಿಂದ ಹೋಗುತ್ತದೆ. ಸಣ್ಣ ಎಲ್‌ಇಡಿ ಪ್ರೊಜೆಕ್ಟರುಗಳು ಹಲವು ನೇರಕ್ಕೆ ಎಸೆಯುತ್ತವೆ, ಅವಕ್ಕೆ ಐದೂಮುಕ್ಕಾಲು ಅಡಿಯ ಗಟ್ಟಿ ಸ್ಟ್ಯಾಂಡ್ ಬೇಕು. ಕೀಸ್ಟೋನ್ ಒತ್ತಿ ಓರೆ ಸರಿಮಾಡುವ ಅಭ್ಯಾಸ ಬೇಡ. ಅದು ಚಿತ್ರವನ್ನು ಕುಗ್ಗಿಸಿ ಮೊನಚನ್ನು ಹಾಳು ಮಾಡುತ್ತದೆ. ಇಟ್ಟಿಗೆ, ಹಳೆ ಪುಸ್ತಕ ಇಟ್ಟು ಎತ್ತರ ಸರಿಹೊಂದಿಸಿ.

ಈ ಚಿತ್ರ ಅಗಲವಾದದ್ದು, 2.39ಕ್ಕೆ 1ರ ಅಳತೆ. 8 ಅಡಿ ಅಗಲಕ್ಕೆ ಎತ್ತರ ಸುಮಾರು 3 ಅಡಿ 4 ಇಂಚು ಮಾತ್ರ. ಮೇಲೆ ಕೆಳಗೆ ಸುಮಾರು ಏಳು ಇಂಚಿನ ಕಪ್ಪು ಪಟ್ಟಿ ಬರುತ್ತದೆ. ‘ಅದ್ಯಾಕ ಖಾಲಿ ಬಿಟ್ಟೀರಿ’ ಎಂದು ಯಾರಾದರೂ ಹೇಳಿದರೆಂದು ಝೂಮ್ ಒತ್ತಿ ತುಂಬಿಸಿಬಿಟ್ಟೀರಿ! ಆಗ ಎರಡು ಬದಿಯೂ ಕತ್ತರಿಸಿ ಹೋಗುತ್ತದೆ. ಐದು ಮಂದಿ ಸಾಲಾಗಿ ನಿಲ್ಲುವ ಚಿತ್ರವಿದು, ಅಂಚಿನಲ್ಲಿ ನಿಂತವರೇ ಎಷ್ಟೋ ಸಲ ನಗಿಸುತ್ತಾರೆ. ಬಣ್ಣಕ್ಕೆ ‘ಸಿನಿಮಾ’ ಮೋಡ್ ಇಡಿ. ಹಸಿರು ಮೈಯ ಕೊಲೆಗಾರ್ತಿ ಗಮೋರಾ, ನೀಲಿ ಮೈಯ ಕಳ್ಳರ ನಾಯಕ ಯೊಂಡು, ಜೈಲಿನ ಹಳದಿ ಅಂಗಿ, ಗುಲಾಬಿ ಚರ್ಮದ ಊರ ಜನ, ಇಷ್ಟು ಬಣ್ಣದ ಓಕುಳಿ ಬೇರೆ ಅಂತರಿಕ್ಷ ಚಿತ್ರಗಳಲ್ಲಿ ಅಪರೂಪ. ‘ಡೈನಾಮಿಕ್’ ಮೋಡಿನಲ್ಲಿ ಹಸಿರು ಕಿತ್ತುಕೊಂಡು ಎಲ್ಲರ ಮುಖವೂ ಗಮೋರಾಳ ಮುಖವಾಗುತ್ತದೆ.

ಮಾತು ಕೇಳಿಸುವಂತೆ ಮಾಡುವುದು

ಇಲ್ಲಿ ಸಮಯ ಕೊಟ್ಟಷ್ಟೂ ಲಾಭ. ಚಿತ್ರದ ಧ್ವನಿ ಥಿಯೇಟರಿಗೆಂದು ಆರು ಇಲ್ಲವೇ ಅದಕ್ಕೂ ಹೆಚ್ಚು ದಾರಿಯಲ್ಲಿ ಹಂಚಿರುತ್ತದೆ. ಮಾತಿನ ಬಹುಪಾಲು ನಡುವಿನ ದಾರಿಯಲ್ಲಿ, ಸಿಡಿತ ಮತ್ತು ಹಾಡು ಪಕ್ಕದ ದಾರಿಗಳಲ್ಲಿ. ನಿಮ್ಮ ಬಳಿ ಇರುವುದು ಎರಡೇ ಸ್ಪೀಕರ್. ಪ್ಲೇಯರ್ ಇದನ್ನು ಸರಿಯಾಗಿ ಕೂಡಿಸದಿದ್ದರೆ ನಡುವಿನದು ಕಳೆದುಹೋಗಿ ಮಾತು ಪಾತಾಳಕ್ಕೆ ಇಳಿಯುತ್ತದೆ. ಬ್ಲೂ-ರೇ ಪ್ಲೇಯರಿನಲ್ಲಿ ಆಡಿಯೋ ಔಟ್‌ಪುಟ್ ‘ಪಿಸಿಎಂ ಸ್ಟೀರಿಯೊ’ ಎಂದು ಇಡಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುವವರು ಆಡಿಯೋ ಎಫೆಕ್ಟ್ಸ್‌ನಲ್ಲಿ ‘ಕಂಪ್ರೆಸರ್’ ಚಾಲೂ ಮಾಡಿ. ಪಿಸುಮಾತು ಮೇಲೇರುತ್ತದೆ, ಸಿಡಿತ ತಗ್ಗುತ್ತದೆ. ಆನ್‌ಲೈನ್ ಆ್ಯಪಿನಲ್ಲಿ ನೋಡುವವರಿಗೆ ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಲೌಡ್‌ನೆಸ್ ಈಕ್ವಲೈಸೇಷನ್’ ಇದ್ದರೆ ಅದೇ ಕೆಲಸಕ್ಕೆ ಆಗುತ್ತದೆ.

ಸ್ಪೀಕರ್ ಎರಡು ಸಾಕು, ತಲಾ 30ರಿಂದ 50 ವ್ಯಾಟ್ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಪಿಎಂಪಿಒ ಎಂಬ ದೊಡ್ಡ ಸಂಖ್ಯೆ ಬರೀ ಜಾಹೀರಾತಿಗೆ. ಪರದೆಯ ಎಡಬಲಕ್ಕೆ ಸ್ಟೂಲಿನ ಮೇಲೆ, 4 ಅಡಿ ಎತ್ತರದಲ್ಲಿ, ಮುಖ ಜನರ ನಡುವಿಗೆ ತಿರುಗಿರಲಿ. ನೆಲಕ್ಕೆ ಇಟ್ಟರೆ ಬಾಸ್ ಗುಂಯ್‌ಗುಟ್ಟಿ ಮಾತನ್ನು ನುಂಗುತ್ತದೆ. ಎದುರು ಗೋಡೆಗೆ ನೇರ ಹಿಡಿದರೆ ಮಾತು ಎರಡೆರಡು ಸಲ ಕೇಳಿಸುತ್ತದೆ. ಬಾಸ್ ಕಾಲುಭಾಗ ಇಳಿಸಿ, ಟ್ರೆಬಲ್ ತುಸು ಏರಿಸಿ. ಯೊಂಡು ಬರೀ ಸಿಳ್ಳೆ ಹಾಕಿ ಬಾಣ ಓಡಿಸುತ್ತಾನೆ. ಬಾಣ ತಿರುಗುವುದು ಸಿಳ್ಳೆಯ ಏರಿಳಿತಕ್ಕೆ. ಟ್ರೆಬಲ್ ಇಲ್ಲದ ಸ್ಪೀಕರಿನಲ್ಲಿ ಆ ದೃಶ್ಯದ ಅರ್ಧ ಜೀವ ಹೋಗಿರುತ್ತದೆ.

ಬ್ಲೂಟೂತ್ ಬೇಡ, 3.5 ಮಿಮೀ ತಂತಿ ಹಾಕಿ. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಬಂದು ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತದೆ. ತಂತಿಯೇ ಸಿಗದ ಪಕ್ಷದಲ್ಲಿ ವಿಎಲ್‌ಸಿಯ ಜೆ ಮತ್ತು ಕೆ ಕೀಲಿಗಳನ್ನು ಒತ್ತುತ್ತ, ಒಂದೊಂದು ಒತ್ತಿಗೆ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಮಾಡಿ ಸರಿಹೊಂದಿಸಿ. ಸ್ಪೀಕರಿನಲ್ಲಿ ‘ಹುಂ’ ಎಂಬ ಸದ್ದು ಎಡೆಬಿಡದೆ ಬಂದರೆ ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಬೇರೆ ಬೇರೆ ಪ್ಲಗ್ಗಿನಲ್ಲಿವೆ ಎಂದರ್ಥ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ.

7:15ಕ್ಕೆ, ಜನ ಕೂರುವ ಮುಂಚೆ, ಪರೀಕ್ಷೆ ಮಾಡಿ. ಮೊದಲ ದೃಶ್ಯದ ಆಸ್ಪತ್ರೆಯ ಪಿಸುಮಾತು ಕಡೆಯ ಸಾಲಿನ ಕುರ್ಚಿಗೆ ಕೇಳಬೇಕು. ಜೈಲಿನ ಉಪಾಯದ ದೃಶ್ಯದಲ್ಲಿ ಗ್ರೂಟ್ ಅಲ್ಲಿಗೂ ಕಾಣಬೇಕು. ಈ ಎರಡು ಗೆದ್ದರೆ ಉಳಿದ ಚಿತ್ರ ತಾನಾಗಿ ಗೆಲ್ಲುತ್ತದೆ.

ಕರೆಂಟು, ಕಾವು, ನೀರು

ಎಲ್‌ಇಡಿ ಪ್ರೊಜೆಕ್ಟರ್ 100 ವ್ಯಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 60, ಫ್ಯಾನು 50. ಒಟ್ಟು 270 ವ್ಯಾಟ್ ಹಿಡಿಯಿರಿ. ಮನೆಯ ಇನ್‌ವರ್ಟರಿನ 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ ನೆಚ್ಚಿಕೊಳ್ಳಬಹುದಾದದ್ದು 1000. ಅಂದರೆ ಮೂರೂವರೆ ಗಂಟೆ, ಇಡೀ ಚಿತ್ರಕ್ಕೆ ಸಾಕು. ಕೆಳಗಿನ ಮನೆಯ ಫ್ಯಾನು ದೀಪ ಅದೇ ಬ್ಯಾಟರಿಯ ಮೇಲಿದ್ದರೆ ಆ ಲೆಕ್ಕ ತಪ್ಪುತ್ತದೆ, ಆ ಹೊತ್ತಿಗೆ ಆರಿಸಿಬಿಡಿ. ಇನ್‌ವರ್ಟರಿನ ಹಿಂದಿನ ಸ್ವಿಚ್ ‘ಯುಪಿಎಸ್’ ಮೋಡಿಗೆ ಇರಲಿ, ಇಲ್ಲದಿದ್ದರೆ ಕರೆಂಟು ಹೋದ ಆ ಕ್ಷಣಕ್ಕೆ ಪ್ರೊಜೆಕ್ಟರ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಹಳೆಯ ಲ್ಯಾಂಪಿನ ಪ್ರೊಜೆಕ್ಟರಿಗೆ ಇದು ದೊಡ್ಡ ಪೆಟ್ಟು. ತಂಪು ಮಾಡುವ ಫ್ಯಾನು ನಿಂತು ಲ್ಯಾಂಪ್ ಸುಡುತ್ತದೆ, ಆರುವ ತನಕ ಮತ್ತೆ ಹತ್ತುವುದೂ ಇಲ್ಲ.

ಕಾವಿನದು ನಮ್ಮ ಕಡೆಯದೇ ತೊಂದರೆ. ಹೆಚ್ಚಿನ ಪ್ರೊಜೆಕ್ಟರುಗಳನ್ನು 35ರಿಂದ 40 ಡಿಗ್ರಿಯೊಳಗೆ ಬಳಸಲೆಂದು ಮಾಡಿರುತ್ತಾರೆ. ಕಲಬುರಗಿಯಲ್ಲಿ ಮೇ ತಿಂಗಳ ಹಗಲು 42 ದಾಟಿದ ದಿನ ರಾತ್ರಿ ಎಂಟಕ್ಕೂ ಮಾಳಿಗೆ ಕಾವಲಿಯಂತೆ ಇರುತ್ತದೆ. ಟೆಂಪರೇಚರ್ ದೀಪ ಕೆಂಪಾಗಿ ಯಂತ್ರ ತಾನೇ ಆರಿಹೋಯಿತೆಂದರೆ ಕಾರಣ ಇದೇ. ಮಧ್ಯಾಹ್ನವೇ ಮೇಲೆ ತಂದಿಡಬೇಡಿ, 7 ಗಂಟೆಗೆ ತನ್ನಿ. ಹಿಂದೆ ಮುಂದೆ ಒಂದೊಂದು ಅಡಿ ಖಾಲಿ ಬಿಡಿ. ಬಿಸಿಗಾಳಿ ಹೊರಬರುವ ಜಾಲರಿಗೆ ಎದುರಾಗಿ ಫ್ಯಾನು ಹಿಡಿದರೆ ಆ ಗಾಳಿ ಒಳಕ್ಕೇ ತಿರುಗುತ್ತದೆ. ಫ್ಯಾನು ಪಕ್ಕದಿಂದ, ಗಾಳಿ ಒಳಹೋಗುವ ಕಡೆಯಿಂದ ಬೀಸಲಿ. ಧೂಳಿನ ಜಾಲರಿಯನ್ನು ಹಿಂದಿನ ದಿನವೇ ಬ್ರಶ್ಶಿನಿಂದ ಒರೆಸಿ. ‘ಇಕೋ’ ಮೋಡಿಗೆ ಹಾಕಿದರೆ ಬೆಳಕು ತುಸು ಕಡಿಮೆ, ಕಾವು ಸಾಕಷ್ಟು ಕಡಿಮೆ.

ಶಹಾಬಾದ್ ಪರಸಿ ಹಾಸಿದ ಮಾಳಿಗೆಯಾದರೆ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರ ತನಕ ಉಗುಳುತ್ತದೆ. 5:30ಕ್ಕೆ ನಾಲ್ಕೈದು ಬಕೆಟ್ ನೀರು ಸುರಿದು ಗುಡಿಸಿ, 6:15ಕ್ಕೆ ಇನ್ನೊಮ್ಮೆ. 7ಕ್ಕೆ ಪೂರ್ತಿ ಒಣಗಿರಬೇಕು. ವೈರು ಹಾಸುವುದು ಅದಾದ ಮೇಲೆಯೇ. ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲಕ್ಕೆ ಇಡದೆ ಎರಡು ಇಟ್ಟಿಗೆ ಮೇಲೆ ಏರಿಸಿ, ಮಕ್ಕಳು ಓಡಾಡುವ ದಾರಿಗೆ ಅಡ್ಡ ಬರದಂತೆ ಗೋಡೆಗುಂಟ ಒಯ್ಯಿರಿ. ಮಳೆಹನಿ ಬಿತ್ತೆಂದರೆ ಮೊದಲು ಮೇನ್ ಆಫ್, ಆಮೇಲೆ ಸಾಮಾನು. ಕಟ್ಟೆಗೋಡೆ ಮೂರು ಅಡಿಗಿಂತ ಗಿಡ್ಡವಿದ್ದರೆ ಆ ಬದಿಗೆ ದೊಡ್ಡವರ ಕುರ್ಚಿ ಸಾಲು ಹಾಕಿ, ಮಕ್ಕಳನ್ನು ನಡುವೆ ಕೂರಿಸಿ.

ಕಥೆಯನ್ನು ಜನರ ಕೈಗೆ ಕೊಡುವುದು

ಇದು ಮಾರ್ವೆಲ್ ಸಿನಿಮಾ ಸರಣಿಯ ಹತ್ತನೆಯದು. ಹಾಗೆಂದು ಹಿಂದಿನ ಒಂಬತ್ತನ್ನು ನೋಡಿರಬೇಕಿಲ್ಲ, ಮಕ್ಕಳು ವಿವರಿಸಲು ಹೊರಟರೆ ತಡೆಯಿರಿ. ಗಾರ್ಡಿಯನ್ಸ್ ಎಂಬ ತಂಡ ಕಾಮಿಕ್ಸಿನಲ್ಲಿ ಮೊದಲು ಬಂದದ್ದು 1969ರಲ್ಲಿ, ಬೇರೆಯೇ ಪಾತ್ರಗಳೊಂದಿಗೆ. ಸಿನಿಮಾ ಹಿಡಿದದ್ದು 2008ರಲ್ಲಿ ಹೊಸದಾಗಿ ಕಟ್ಟಿದ ತಂಡವನ್ನು. ಗ್ರೂಟ್ 1960ರ ಕಾಮಿಕ್ಸಿನಲ್ಲಿ ಭೂಮಿಯ ಮೇಲೆ ಎರಗಿ ಬಂದ ರಾಕ್ಷಸ, ಆಗ ಉದ್ದುದ್ದ ಮಾತಾಡುತ್ತಿದ್ದ. ರಾಕೆಟ್ ಹುಟ್ಟಿದ್ದು 1976ರಲ್ಲಿ. 2014ರಲ್ಲಿ ಇವರನ್ನೆಲ್ಲ ಅಮೆರಿಕದಲ್ಲೂ ಬಲ್ಲವರು ಕಡಿಮೆಯೇ. ಹಾಗಾಗಿ ಚಿತ್ರ ಎಲ್ಲರನ್ನೂ ಮೊದಲಿನಿಂದ ಪರಿಚಯಿಸುತ್ತದೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಒಂದೇ ಕಷ್ಟ: ಮೊದಲ ಇಪ್ಪತ್ತು ನಿಮಿಷದಲ್ಲಿ ಹೆಸರುಗಳ ಮಳೆ ಸುರಿಯುತ್ತದೆ. ಕ್ಸಾಂಡಾರ್, ಕ್ರೀ, ನೋವಾ, ರೋನನ್, ಥಾನೋಸ್. ಇದರಲ್ಲಿ ಜನ ಸಿಕ್ಕಿಬೀಳದಂತೆ ಶುರುವಿಗೆ ಮುಂಚೆ ಒಂದು ನಿಮಿಷ ನಿಂತು ಹೇಳಿ, ಹೆಚ್ಚು ಬೇಡ:

‘ಒಂದು ಗುಂಡು ಅದ ನೋಡ್ರಿ, ಅದರಾಗ ಲೋಕ ಸುಡೋ ಅಷ್ಟು ಶಕ್ತಿ ಅದ. ರೋನನ್ ಅಂಬಾವಗ ಅದು ಬೇಕು. ಅದರ ಹಿಂದ ಇನ್ನೂ ಐದು ಮಂದಿ ಬಿದ್ದಾರ. ಒಬ್ಬಾವ ಕಳ್ಳ, ಒಬ್ಬಾಕಿ ಕೊಲೆಗಾರ್ತಿ, ಒಂದು ರಕೂನು, ಒಂದು ಮರ, ಇನ್ನೊಬ್ಬಾವ ಹೆಂಡ್ತಿ ಮಗಳನ್ನ ಕಳಕೊಂಡಾವ. ಯಾರಿಗೂ ಯಾರೂ ಇಲ್ಲ. ಮರ ಬರೇ ಮೂರೇ ಮಾತು ಆಡ್ತದ, ರಕೂನಿಗಿ ಅಷ್ಟೂ ತಿಳೀತದ. ಕಡೀಗಿ ಏನಾಗ್ತದ ನೀವೇ ನೋಡ್ರಿ.’

ಹೆಂಡತಿ ಮಗಳನ್ನು ಕಳೆದುಕೊಂಡ ಆ ಡ್ರಾಕ್ಸ್ ಬಗ್ಗೆ ಒಂದು ಮಾತು ಸೇರಿಸಿ: ಅವನ ಕುಲದಲ್ಲಿ ಗಾದೆ, ನುಡಿಗಟ್ಟು ಎಂಬುದೇ ಇಲ್ಲ, ಆಡಿದ ಮಾತನ್ನು ಇದ್ದದ್ದು ಇದ್ದಂತೆ ಹಿಡಿಯುತ್ತಾನೆ. ಮಾತಿಗೊಂದು ಗಾದೆ ಹಾಕುವ ನಮ್ಮ ಹಿರಿಯರಿಗೆ ಅವನು ಕೂಡಲೇ ಹಿಡಿಸುತ್ತಾನೆ. ಈ ಮುನ್ಸೂಚನೆ ಇಲ್ಲದಿದ್ದರೆ ಅವನೊಬ್ಬ ಕೋಪಿಷ್ಠ ಪೈಲವಾನನಾಗಿ ಮಾತ್ರ ಕಾಣುತ್ತಾನೆ.

ಭಾಷೆ ಯಾವುದು? ಹಿಂದಿ ಡಬ್ಬಿಂಗ್ ಇದೆ. ಅಜ್ಜ ಅಜ್ಜಿ ಮತ್ತು ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಅದನ್ನೇ ಹಾಕಿ. ದಖ್ಖನಿ ಕೇಳಿ ಬೆಳೆದ ಊರಿಗೆ ಹಿಂದಿ ಕಷ್ಟವಲ್ಲ, ಓದುವ ಗೋಜೂ ಇಲ್ಲ. ಕಾಲೇಜು ಹುಡುಗರೇ ಹೆಚ್ಚಿದ್ದರೆ ಇಂಗ್ಲಿಷ್ ಧ್ವನಿ, ಕೆಳಗೆ ಇಂಗ್ಲಿಷ್ ಅಕ್ಷರ. ಮಾತಿನ ಚುರುಕು ಅದರಲ್ಲಿ ಹೆಚ್ಚು. ಅಕ್ಷರವನ್ನು ಕೆಳಗಿನ ಕಪ್ಪು ಪಟ್ಟಿಗೆ ಇಳಿಸಿದರೆ ಚಿತ್ರವನ್ನು ಮುಚ್ಚುವುದಿಲ್ಲ.

ಎರಡರಲ್ಲೂ ಒಬ್ಬ ಮಾತುಗಾರ ಬೇಕು. ಓಣಿಯಲ್ಲಿ ಕಥೆ ಹೇಳುವ ಅಕ್ಕನೋ ಕಾಕಾನೋ ಇದ್ದರೆ ಮೊದಲೇ ಒಮ್ಮೆ ಚಿತ್ರ ನೋಡಿರುವಂತೆ ಹೇಳಿ. ಹಿರಿಯರ ಸಾಲಿನ ನಡುವೆ ಕೂರಬೇಕು, ಮೈಕ್ ಇರಬಾರದು. ಪಾತ್ರಗಳು ಸುಮ್ಮನಿದ್ದಾಗ ಮಾತ್ರ, ಒಂದೇ ವಾಕ್ಯ. ‘ಇವಾ ಆ ಟೇಪಿನ ಸಲುವಾಗಿ ವಾಪಸ್ ಹೊಂಟಾನ’, ‘ಆಕಿ ಅಕ್ಕ ಈಕಿನ್ನ ಹುಡಕಲಕ್ಕ ಬಂದಾಳ’, ಅಷ್ಟು. ನಗೆಮಾತನ್ನು ಮತ್ತೆ ಹೇಳಿ ಬಿಡಿಸಬಾರದು. ಮಾತುಗಾರ ಪೂರ್ತಿ ಬಾಯಿಗೆ ಬೀಗ ಹಾಕಬೇಕಾದ ಕಡೆ ಎರಡು: ಮೊದಲ ಆಸ್ಪತ್ರೆಯ ದೃಶ್ಯ, ಮತ್ತು ಕೊನೆಗೆ ಗ್ರೂಟ್ ಕೊಂಬೆ ಹರಡಿ ಎಲ್ಲರನ್ನೂ ಸುತ್ತಿಕೊಳ್ಳುವ ದೃಶ್ಯ. ಅಷ್ಟು ಹೊತ್ತು ಒಂದೇ ಮಾತು ಆಡಿದ ಗ್ರೂಟ್ ಅಲ್ಲಿ ಆ ಮಾತನ್ನು ತುಸು ಬದಲಿಸುತ್ತಾನೆ. ಅದನ್ನು ಪ್ರತಿಯೊಬ್ಬರೂ ತಮ್ಮ ಕಿವಿಯಲ್ಲೇ ಕೇಳಬೇಕು.

ಆಸ್ಪತ್ರೆಯ ದೃಶ್ಯ ಬರುವುದು ಮೊದಲ ನಿಮಿಷದಲ್ಲೇ. 1988, ಹುಡುಗ ಪೀಟರ್ (ಮುಂದೆ ಆ ಕಳ್ಳನಾಗುವವನು ಇವನೇ), ಸಾಯುತ್ತಿರುವ ತಾಯಿ. ಕೈ ಹಿಡಿ ಎಂದು ಆಕೆ ಕೇಳುತ್ತಾಳೆ, ಅವನು ಮುಖ ತಿರುಗಿಸುತ್ತಾನೆ. ಕ್ಲೈಮ್ಯಾಕ್ಸಿನಲ್ಲಿ ಇನ್ನೊಂದು ಕೈ ಚಾಚುತ್ತದೆ, ಆಗ ಈ ದೃಶ್ಯ ನೆನಪಿದ್ದವರ ಕಣ್ಣು ತುಂಬುತ್ತದೆ. ಇಷ್ಟೊಂದು ನಗಿಸುವ ಚಿತ್ರ ಹಗುರವಾಗಿ ಹಾರಿಹೋಗದಿರುವುದು ಈ ಒಂದು ಗಂಟಿನಿಂದ. ತಡವಾಗಿ ಬಂದವರಿಗೆ ಇದು ತಪ್ಪಿಹೋಗುತ್ತದೆ. ಹಾಗಾಗಿ ಜನರಿಗೆ ‘7 ಗಂಟೆಗೆ ಬರ್ರಿ’ ಎಂದೇ ಹೇಳಿ, 7:35ಕ್ಕೆ ತಲೆ ಎಣಿಸಿ, ಎಲ್ಲರೂ ಕೂತ ಮೇಲೆ ಶುರು ಮಾಡಿ. ಈಚೆಗೆ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಗು ಇದ್ದರೆ ಮನೆಯವರಿಗೆ ಮೊದಲೇ ತಿಳಿಸಿ. ಸ್ವಲ್ಪ ಹೊತ್ತಿಗೆ ರೋನನ್ ಸುತ್ತಿಗೆಯಿಂದ ಒಬ್ಬನನ್ನು ಕೊಲ್ಲುವ ದೃಶ್ಯವೂ ಬರುತ್ತದೆ, ಎಂಟು ವರ್ಷದೊಳಗಿನವರು ದೊಡ್ಡವರ ಪಕ್ಕ ಕೂರಲಿ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 (13 ವರ್ಷದೊಳಗಿನ ಮಕ್ಕಳ ಪಾಲಕರಿಗೆ ಎಚ್ಚರಿಕೆ) ಕೊಟ್ಟಿದ್ದಾರೆ, ಬೈಗುಳಗಳೂ ಇವೆ.

ತಾಯಿ ಕೊಟ್ಟ ಕ್ಯಾಸೆಟ್ಟೇ ಈ ಚಿತ್ರದ ಉಸಿರು. ಪೀಟರನ ವಾಕ್‌ಮನ್ ಸೋನಿ ಟಿಪಿಎಸ್-ಎಲ್2, 1979ರಲ್ಲಿ ಬಂದ ಮಾದರಿ, ನೀಲಿ ಬೆಳ್ಳಿ ಬಣ್ಣದ್ದು. ಇಂದಿನ ಮಕ್ಕಳಿಗೆ ಅದೇನೆಂದೇ ಗೊತ್ತಿಲ್ಲದಿರುವುದರಿಂದ ಪ್ರಾಣಕ್ಕೆ ಸಂಚಕಾರ ಬಂದರೂ ಅವನು ಅದಕ್ಕಾಗಿ ಯಾಕೆ ಹಿಂದಿರುಗುತ್ತಾನೆ ಎಂಬುದು ತಲೆಗೆ ಹೋಗುವುದಿಲ್ಲ. ನಿಮ್ಮ ಓಣಿಯ ಯಾವುದಾದರೂ ಟ್ರಂಕಿನಲ್ಲಿ ತತ್ವಪದದ್ದೋ ಭಜನೆಯದ್ದೋ ಹಳೆ ಕ್ಯಾಸೆಟ್ ಇದ್ದೇ ಇರುತ್ತದೆ. 7:15ರಿಂದ 7:30ರ ತನಕ ಅದನ್ನು ಮಕ್ಕಳ ಕೈಗೆ ಕೊಡಿ. ರೀಲು ಹೇಗೆ ಸುತ್ತುತ್ತದೆ, ಒಂದು ಬದಿಗೆ 30 ನಿಮಿಷ ಆದ ಮೇಲೆ ಯಾಕೆ ತಿರುಗಿಸಬೇಕು, ಸಿಕ್ಕಿಕೊಂಡ ರೀಲನ್ನು ಪೆನ್ಸಿಲ್ ತೂರಿಸಿ ಹೇಗೆ ಸುತ್ತುತ್ತಿದ್ದರು, ಇದನ್ನೆಲ್ಲ ಹೇಳುವ ಕೆಲಸ ಹಿರಿಯರದು. ಚಿತ್ರದ ಇಂಗ್ಲಿಷ್ ಹಾಡುಗಳು ಯಾರಿಗೂ ಪರಿಚಯವಿಲ್ಲದಿದ್ದರೂ ಪರವಾಗಿಲ್ಲ. ಅಮ್ಮ ಆರಿಸಿಕೊಟ್ಟ ಹಾಡುಗಳು ಎಂದು ತಿಳಿದರೆ ಸಾಕು.

ವಿರಾಮ ಎಲ್ಲಿ ಕೊಡಬೇಕು

ಜೈಲಿನಿಂದ ತಪ್ಪಿಸಿಕೊಂಡು ಐವರೂ ಹಡಗು ಹತ್ತಿ ಹೊರಟ ಕೂಡಲೇ ನಿಲ್ಲಿಸಿ. ಅರ್ಧಕ್ಕಿಂತ ಮುಂಚೆಯೇ ಬರುತ್ತದೆ, ಆದರೂ ಅದೇ ಸರಿಯಾದ ಜಾಗ. ಅಲ್ಲಿಗೆ ಐದು ಮಂದಿ ಮೊದಲ ಸಲ ಒಂದೇ ಕಡೆ ಸೇರಿರುತ್ತಾರೆ, ಮಕ್ಕಳು ಆ ಕೃತಕ ಕಾಲಿನ ತಮಾಷೆಯನ್ನು ಮಾತಾಡಿಕೊಂಡು ನಗಲು ಹೊತ್ತು ಸಿಗುತ್ತದೆ. ಸರಿಯಾಗಿ ಅರ್ಧಕ್ಕೆ ಎಂದು ಗಡಿಯಾರ ನೋಡಿ ನಿಲ್ಲಿಸಿದರೆ ಯಾವುದೋ ಮಾತಿನ ನಡುವೆ ಕಡಿದಂತಾಗುತ್ತದೆ.

ತಿನ್ನಲು ಚುರುಮುರಿ. ಇಪ್ಪತ್ತೈದು ಮಂದಿಗೆ ಒಂದೂಕಾಲು ಕಿಲೋ ಚುರುಮುರಿ, ಅರ್ಧ ಕಿಲೋ ಹುರಿದ ಶೇಂಗಾ, ಕಾಲು ಕಿಲೋ ಪುಠಾಣಿ. ಒಣ ಒಗ್ಗರಣೆ ಮೊದಲೇ ಹಾಕಿಡಬಹುದು. ಉಳ್ಳಾಗಡ್ಡಿ, ಟೊಮೆಟೊ, ನಿಂಬೆರಸ ವಿರಾಮಕ್ಕೆ ಎರಡು ನಿಮಿಷ ಇರುವಾಗಲೇ ಕಲಸಬೇಕು, ಇಲ್ಲದಿದ್ದರೆ ಮೆತ್ತಗಾಗಿ ಯಾರೂ ಮುಟ್ಟುವುದಿಲ್ಲ. ಕಾಗದದ ಪೊಟ್ಟಣದಲ್ಲಿ ಕೊಡಿ. ಪ್ಲಾಸ್ಟಿಕ್ ಪಾಕೀಟಿನ ಚರಚರ ಸದ್ದು ಮಾತನ್ನು ಕೆಡಿಸುತ್ತದೆ. ಮಜ್ಜಿಗೆ ಐದು ಲೀಟರ್, ನೀರು ಎರಡು ಕೊಡ. ಎಲ್ಲವೂ ಪ್ರೊಜೆಕ್ಟರಿನಿಂದ ದೂರದ ಮೂಲೆಯಲ್ಲಿರಲಿ, ಅಲ್ಲೇ ಒಂದು ಹಳದಿ ಬಲ್ಬು ಹಚ್ಚಿ. ಹಳದಿ ಬೆಳಕಿಗೆ ಹುಳುಗಳು ಬರುವುದು ಕಡಿಮೆ.

ಪ್ರತಿ, ಪರವಾನಗಿ

ಅಸಲಿ ಬ್ಲೂ-ರೇ ಡಿಸ್ಕ್ ಇದ್ದರೆ ಅದೇ ಉತ್ತಮ. ಮೊಬೈಲಿನ ಆ್ಯಪಿನಿಂದ ಪರದೆಗೆ ಹಂಚಲು ಹೋದರೆ ಹಲವು ಸಲ ಧ್ವನಿ ಬಂದು ಚಿತ್ರ ಕಪ್ಪಾಗುತ್ತದೆ. ನಕಲು ತಡೆಯುವ ಬೀಗ ಅದು, ಯಂತ್ರ ಕೆಟ್ಟದ್ದಲ್ಲ. ಲ್ಯಾಪ್‌ಟಾಪಿನಿಂದ 5 ಮೀಟರಿನ ಎಚ್‌ಡಿಎಂಐ ತಂತಿ ಎಳೆಯಿರಿ, 10 ಮೀಟರ್ ದಾಟಿದರೆ ಸಾಮಾನ್ಯ ತಂತಿಯಲ್ಲಿ ಚಿತ್ರ ಮಿಣಮಿಣ ಎನ್ನುತ್ತದೆ. ಮನೆಯವರು ನೆಂಟರು ಕೂತು ನೋಡುವುದು ಒಂದು, ಓಣಿಗೆಲ್ಲ ಬೋರ್ಡು ಹಾಕಿ ಟಿಕೆಟ್ ಮಾರುವುದು ಇನ್ನೊಂದು. ಎರಡನೆಯದಕ್ಕೆ ಹಕ್ಕುದಾರರ ಪರವಾನಗಿ ಬೇಕೇ ಬೇಕು. ಶಾಲೆಯ ಚಟುವಟಿಕೆಯಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಹಾಗೂ ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರಿಗಷ್ಟೇ ತೋರಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಬೀದರ, ಯಾದಗಿರಿ ಕಡೆಯ ಶಾಲಾ ಮೈದಾನದಲ್ಲಿ ಮಾಡುವವರು ಇದನ್ನು ಮುಖ್ಯಗುರುಗಳಿಗೆ ತಿಳಿಸಿ, ಆ ಮಿತಿಯೊಳಗೇ ಇರಿ.

ಕಥೆ ಮುಗಿದ ಕೂಡಲೇ ಲೈಟ್ ಹಾಕುವ ಕೈಯನ್ನು ತಡೆಯಿರಿ. ಕುಂಡದಲ್ಲಿ ಚಿಗುರಿದ ಪುಟ್ಟ ಗ್ರೂಟ್ ಹಾಡಿಗೆ ಕುಣಿಯುತ್ತಾನೆ, ಡ್ರಾಕ್ಸ್ ತಿರುಗಿ ನೋಡಿದಾಗಲೆಲ್ಲ ಕಲ್ಲಿನಂತೆ ನಿಲ್ಲುತ್ತಾನೆ. ಮಕ್ಕಳು ‘ಇನ್ನೊಮ್ಮೆ ಹಾಕ್ರಿ’ ಎಂದು ಕೂಗುವುದು ಇಲ್ಲೇ. ಸಮಯವಿದ್ದರೆ ಹಾಕಿ, 10 ದಾಟುವಂತಿದ್ದರೆ ಧ್ವನಿ ಮುಚ್ಚಿ ಹಾಕಿ. ಹೆಸರುಗಳೆಲ್ಲ ಮುಗಿದ ಮೇಲೂ ಒಂದು ಸಣ್ಣ ದೃಶ್ಯವಿದೆ. ಅದಾದ ನಂತರ ಪ್ರೊಜೆಕ್ಟರನ್ನು ರಿಮೋಟಿನಿಂದ ಆರಿಸಿ, ಒಳಗಿನ ಫ್ಯಾನು ತಾನಾಗಿ ನಿಲ್ಲುವ ತನಕ ಕಾದು ಪ್ಲಗ್ ಕೀಳಿ, ಕೈಗೆ ಬೆಚ್ಚಗೆ ತಾಗದಷ್ಟು ಆರಿದ ಮೇಲೆ ಡಬ್ಬಿಗೆ ಹಾಕಿ.